ಮದುವೆ ಜವಳಿಗೆ ಚೆನ್ನೈಯೋ ಮಂಗಳೂರೋ? ಎರಡೂ ಕಡೆ ಹೋಗಿ ಬಂದೆವು

ಬೆಂಗಳೂರಿಂದ ಚೆನ್ನೈಗೂ ಸುಮಾರು 350 ಕಿಲೋಮೀಟರ್, ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಕಡೆ ಸೂರ್ಯ ಹುಟ್ಟುವ ಸಮುದ್ರ, ಇನ್ನೊಂದು ಕಡೆ ಮುಳುಗುವ ಸಮುದ್ರ. 2023ರಲ್ಲಿ ಮಗಳ ಮದುವೆಗೆ ಚೆನ್ನೈಗೆ ಹೋಗಿ ಜವಳಿ ತೆಗೆದೆವು. 2025ರ ಫೆಬ್ರವರಿಯಲ್ಲಿ ಮಗನ ಮದುವೆ ಇತ್ತು, ಅದರ ಹಿಂದಿನ ಡಿಸೆಂಬರ್‌ನಲ್ಲಿ ಮಂಗಳೂರಿಗೆ ಹೋದೆವು. ಎರಡು ಸಲವೂ ನಾಲ್ಕು ದಿನ, ನಾಲ್ಕು ಜನ: ನಾನು, ನಮ್ಮ ಯಜಮಾನರು, ನನ್ನಕ್ಕ, ಜೊತೆಗೆ ಮದುವೆ ಆಗುವವರು. "ಹೇಗೂ ಹೋಗ್ತಿದೀವಿ, ಸಮುದ್ರನೂ ನೋಡ್ಕೊಂಡು ಬರೋಣ" ಅನ್ನೋ ಲೆಕ್ಕಾಚಾರವೂ ಎರಡು ಸಲ ಒಂದೇ.

ಚೆನ್ನೈಗೆ ಹೋಗಿದ್ದು ಜುಲೈ ಕೊನೆಯಲ್ಲಿ. ಆ ವರ್ಷ ನಮಗೆ ಅಧಿಕ ಶ್ರಾವಣ, ಮದುವೆ ಮುಂಜಿ ಯಾವುದೂ ಇಲ್ಲ. ತಮಿಳರಿಗೆ ಆಡಿ ತಿಂಗಳು, ಅವರಿಗೂ ಮದುವೆ ಇಲ್ಲ. ಮದುವೆ ಇಲ್ಲ ಅಂತ ಜವಳಿ ಅಂಗಡಿಯವರು ಸುಮ್ನೆ ಕೂರುತ್ತಾರಾ? ಟಿ. ನಗರದ ತುಂಬಾ ಆಡಿ ರಿಯಾಯಿತಿಯ ಬೋರ್ಡು. ಬುದ್ಧಿವಂತಿಕೆ ಮಾಡಿದೆವು ಅಂದುಕೊಂಡು ಹೋದರೆ, ಇಡೀ ಮದರಾಸು ಅದೇ ಬುದ್ಧಿವಂತಿಕೆ ಮಾಡಿತ್ತು. ರಂಗನಾಥನ್ ಬೀದಿಯಲ್ಲಿ ನಾವು ನಡೆಯಲಿಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋದರು. ಅಷ್ಟೆಲ್ಲ ಆದ ಮೇಲೆ ಗೊತ್ತಾಯಿತು, ರಿಯಾಯಿತಿ ಇರೋದು ದಿನಬಳಕೆಯ ಸೀರೆಗೆ. ನಾವು ಹೊಕ್ಕ ಅಂಗಡಿಯ ಧಾರೆ ಸೀರೆ ಮಹಡಿಯಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

ಆದರೆ ಆಯ್ಕೆ ಅಂದರೆ ಅದು. ಪನಗಲ್ ಪಾರ್ಕ್ ಸುತ್ತ ಒಂದು ರೌಂಡು ಹಾಕಿದರೆ ಸಾಕು. 1928ರಿಂದ ಇರುವ 'ನಲ್ಲಿ' ರೇಷ್ಮೆ ಅಂಗಡಿ ಅಲ್ಲೇ ಇದೆ, ಅದರ ಆಸುಪಾಸಿನಲ್ಲೇ ಮಿಕ್ಕ ದೊಡ್ಡ ಅಂಗಡಿಗಳೂ ಇವೆ. ಮಗಳು "ಅರಗಿಣಿ ಹಸಿರು, ಕುಂಕುಮ ಅಂಚು" ಅಂದಿದ್ದೇ ತಡ, ಒಬ್ಬಾತ ನಲವತ್ತು ಸೀರೆ ಬಿಚ್ಚಿ ನಮ್ಮ ಮುಂದೆ ಹಾಸಿದ. ಇಪ್ಪತ್ತರ ತನಕ ಖುಷಿ, ಆಮೇಲೆ ಕಣ್ಣು ಕತ್ತಲೆ. ಒಂದು ಸೀರೆ ಆರಿಸಲು ಐದು ಗಂಟೆ, ಬಿಲ್ ಹಾಕಿಸಿ ಪೊಟ್ಟಣ ಕೈಗೆ ಬರಲು ಮುಕ್ಕಾಲು ಗಂಟೆ. ಹೋಟೆಲಿಗೆ ಬಂದು ಮರುದಿನ ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಅರಗಿಣಿ ಹಸಿರು ಅಲ್ಲ, ಬರೀ ಹಲಸಿನೆಲೆ ಹಸಿರು! ದೀಪದ ಬೆಳಕಿನ ಮಾಯೆ. ಬದಲಾಯಿಸಲು ಹೋದರೆ "ಎರಡು ದಿನ ಬಿಟ್ಟು ಬನ್ನಿ" ಅಂದರು. ನಾವು ಮರುದಿನ ಕಂಚಿಗೆ ಹೊರಡಬೇಕಿತ್ತು. ಆ ಸೀರೆ ಕೊನೆಗೆ ಅಕ್ಕನ ಪಾಲಾಯಿತು, ಅವಳಿಗೇನೂ ಬೇಜಾರಿಲ್ಲ.

ಕಂಚಿ ಚೆನ್ನೈಯಿಂದ ಸುಮಾರು 75 ಕಿಲೋಮೀಟರ್. ಇಳಿದ ತಕ್ಷಣ ಒಬ್ಬ ಆಟೋದವನು "ನೇಕಾರರ ಮನೆಗೇ ಕರ್ಕೊಂಡು ಹೋಗ್ತೀನಿ" ಅಂದ. ಮನೆ ಅಂತ ತೋರಿಸಿದ್ದು ಎಸಿ ಹಾಕಿದ ಶೋರೂಮು. ಮುಂದೆ ಒಂದು ಮಗ್ಗ ಇಟ್ಟಿದ್ದರು, ಅದರ ಮೇಲೆ ಧೂಳು. ಆಟೋಗೆ ಕಮಿಷನ್ ಇರುತ್ತದೆ, ಅದು ನಮ್ಮ ಬಿಲ್ಲಿಗೆ ಸೇರುತ್ತದೆ. ಎದ್ದು ಬಂದೆವು.

ನಾವು ಇಳಿದಿದ್ದ ಲಾಡ್ಜಿನ ಮ್ಯಾನೇಜರ್ ಹೇಳಿದ ಗಲ್ಲಿಯಲ್ಲಿ ನಿಜವಾದ ಮಗ್ಗ ಸಿಕ್ಕಿತು. ಮನೆಯ ನಡುಕೋಣೆಯಲ್ಲೇ ಗುಂಡಿ ತೆಗೆದು ಹೂಡಿದ ಮಗ್ಗ. ಆ ಮನೆಯ ಗಂಡಸು ಗುಂಡಿಯಲ್ಲಿ ಕಾಲಿಳಿಬಿಟ್ಟು ಒಡಲು ನೇಯುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬರು ಅಂಚಿನ ಲಾಳಿ ಎಸೆಯುತ್ತಿದ್ದರು. ಒಡಲು ಬೇರೆ, ಅಂಚು ಬೇರೆ ಬಣ್ಣ ಇದ್ದರೆ ಎರಡನ್ನೂ ಮಗ್ಗದ ಮೇಲೇ ಹೆಣೆಯಬೇಕು, ಇದಕ್ಕೆ ಕೋರ್ವೈ ಅನ್ನುತ್ತಾರೆ. ಆ ಮನೆಯ ಹೆಂಗಸು ಸೀರೆ ಮಗುಚಿ ನನ್ನ ಬೆರಳು ಹಿಡಿದು ಕೂಡಿದ ಜಾಗದ ಮೇಲೆ ಓಡಿಸಿದರು. ಗರಗಸದ ಹಲ್ಲಿನ ಹಾಗೆ ಸಣ್ಣಗೆ ತಡೆಯುತ್ತದೆ. ಆಮೇಲೆ ಒಂದೆಳೆ ಜರಿಯನ್ನು ಉಗುರಿಂದ ಕೆರೆದು ತೋರಿಸಿದರು. ಮೇಲಿನ ಬೆಳ್ಳಿ ಸರಿದು ಒಳಗೆ ಕೆಂಪು ರೇಷ್ಮೆ ದಾರ ಕಂಡಿತು. ಜರಿ ಸೂರತ್ತಿನದು. "ರೇಷ್ಮೆ ಎಲ್ಲಿಂದ?" ಅಂದರೆ "ನಿಮ್ಮ ಕಡೆದೇ, ಕರ್ನಾಟಕ" ಅಂದರು. ರಾಮನಗರದ ಗೂಡು ಕಂಚಿಗೆ ಹೋಗಿ ಸೀರೆಯಾಗಿ, ನಾವು ಅದನ್ನು ಹುಡುಕಿಕೊಂಡು ಬಂದಿದ್ದೆವು! 34,000ಕ್ಕೆ ಧಾರೆ ಸೀರೆ ತೆಗೆದೆವು. ಟಿ. ನಗರದಲ್ಲಿ ನೋಡಿದ್ದಕ್ಕಿಂತ ಬೆಲೆಯಲ್ಲಿ ಭಾರಿ ವ್ಯತ್ಯಾಸ ಇರಲಿಲ್ಲ. ಆದರೆ ಬಾಗಿಲ ಬೆಳಕಿನಲ್ಲಿ ಬಣ್ಣ ನೋಡಿ ತೆಗೆದಿದ್ದು, ಅದೇ ಲಾಭ.

ಸೀರೆ ಹೆಗಲಿಗೆ ಹಾಕಿಕೊಂಡೇ ಕೈಲಾಸನಾಥ ದೇವಸ್ಥಾನಕ್ಕೆ ಹೋದೆವು. ಬಾದಾಮಿಯ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಇಲ್ಲಿಗೆ ಬಂದವನು, ದೇವಸ್ಥಾನದ ಸಂಪತ್ತನ್ನು ಮುಟ್ಟದೆ ಹಿಂದಿರುಗಿಸಿ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿ ಹೋದ. ಯಜಮಾನರು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದು, "ಕಂಚಿಗೆ ಬಂದು ಏನೂ ತಗೊಳ್ದೆ ವಾಪಸ್ ಹೋದ ಕನ್ನಡಿಗ ಇವನೊಬ್ಬನೇ ಇರಬೇಕು" ಅಂದರು.

ಮಹಾಬಲಿಪುರಕ್ಕೆ ಉಳಿದಿದ್ದು ಅರ್ಧ ದಿನ. ಕಡಲ ತೀರದ ದೇವಸ್ಥಾನ, ಐದು ರಥ, ಅರ್ಜುನನ ತಪಸ್ಸಿನ ಬಂಡೆ, ಎಲ್ಲವನ್ನೂ ಓಡುತ್ತಾ ನೋಡಿದ್ದಾಯಿತು. ಜುಲೈ ಬಿಸಿಲಿಗೆ ಕಲ್ಲು ಕಾದ ಕಾವಲಿ. ಮರೀನಾದಲ್ಲಿ ಅಲೆ ಜೋರು, ನೀರಿಗಿಳಿಯೋದು ಅಪಾಯ. ಮಾವಿನಕಾಯಿ, ತೆಂಗಿನಕಾಯಿ ಹಾಕಿದ ಸುಂಡಲ್ ತಿಂದು ಗಾಳಿ ಕುಡಿದು ಬಂದೆವು. ಊಟದ ಬಗ್ಗೆ ದೂರಿಲ್ಲ. ತಿರುವಲ್ಲಿಕ್ಕೇಣಿಯ ರತ್ನಾ ಕೆಫೆಯಲ್ಲಿ ಇಡ್ಲಿ ಸಾಂಬಾರಿನಲ್ಲಿ ಈಜುತ್ತದೆ. ಇಡ್ಲಿ ಮುಗಿಯುವ ಮುಂಚೆ ಇನ್ನಷ್ಟು ಸಾಂಬಾರು ಸುರಿದು ಹೋಗುತ್ತಾರೆ. ಕಾಫಿಯಂತೂ ನಮ್ಮ ಬೆಂಗಳೂರಿಗೇ ಸವಾಲು.

ಮಂಗಳೂರಿನ ಕಥೆ ರೈಲಿನಿಂದಲೇ ಬೇರೆ. ಬೆಳಿಗ್ಗೆ ಯಶವಂತಪುರ ಬಿಟ್ಟರೆ ಸಂಜೆ ಮಂಗಳೂರು. ಚೆನ್ನೈಗೆ ವಂದೇ ಭಾರತ್‌ನಲ್ಲಿ ನಾಲ್ಕೂವರೆ ಗಂಟೆಗೆ ತಲುಪಿದವರಿಗೆ ಇದು ನಿಧಾನ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗೆ 57 ಸುರಂಗ. ಅಕ್ಕ ಎಣಿಸಲು ಶುರುಮಾಡಿ ಮೂವತ್ತೊಂದಕ್ಕೆ ನಿದ್ದೆ ಹೋದಳು.

ಜವಳಿ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಕಂಚಿ ಸೀರೆಗೆ ಮಂಗಳೂರು ಬೇಡ. ಹಂಪನಕಟ್ಟೆ ಸುತ್ತ ದೊಡ್ಡ ಅಂಗಡಿಗಳಿವೆ, ಆದರೆ ಚೆನ್ನೈನಲ್ಲಿ ನಲವತ್ತು ತೋರಿಸಿದ ಬಣ್ಣದಲ್ಲಿ ಇಲ್ಲಿ ತೋರಿಸಿದ್ದು ಆರು. "ಆರೇ ವಾಸಿ ಕಣೆ" ಅಂದಳು ಅಕ್ಕ. ಸೊಸೆಗೆ ವಿಡಿಯೊ ಕಾಲ್ ಮಾಡಿ ಒಂದು ಗಂಟೆಯಲ್ಲಿ ಎರಡು ಸೀರೆ ಆರಿಸಿ ಮುಗಿಸಿದೆವು. ಅಂಗಡಿಯವರ ಮಾತು ಕೇಳೋದೇ ಚೆಂದ. "ಎಂತ ಅಮ್ಮ, ಗಡಿಬಿಡಿ ಉಂಟಾ? ಕೂತ್ಕೊಳ್ಳಿ, ನಿಧಾನ ನೋಡುವ" ಅಂತಾರೆ. ಬೇಡ ಅಂದರೆ ಮುಖ ಗಂಟಿಕ್ಕಿಕೊಳ್ಳಲಿಲ್ಲ.

ಮಂಗಳೂರು ಗೆದ್ದಿದ್ದು ಉಡುಗೊರೆ ಸೀರೆಯಲ್ಲಿ. ನೆಂಟರಿಗೆ ಕೊಡುವ ಸೀರೆ ಅಂದರೆ ಗೊತ್ತಲ್ಲ, ಇವರು ಕೊಟ್ಟಿದ್ದು ಅವರಿಗೆ, ಅವರು ಕೊಟ್ಟಿದ್ದು ಇನ್ಯಾರಿಗೋ, ಯಾರೂ ಉಡುವುದಿಲ್ಲ. ಮಂಗಳೂರಿನಿಂದ ಕಿನ್ನಿಗೋಳಿಗೆ ಹೋಗಿ ಉಡುಪಿ ಸೀರೆ ನೋಡಿದೆವು. ಕೈಮಗ್ಗದ ಹತ್ತಿ ಸೀರೆ, 2016ರಲ್ಲಿ ಜಿಐ ಗುರುತು (ಇದು ಈ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದ್ದು. ನೇಯುವವರು ಬೆರಳೆಣಿಕೆಗೆ ಇಳಿದಿದ್ದರು, ಅಲ್ಲಿನ ತಾಳಿಪಾಡಿ ನೇಕಾರರ ಸಂಘದಲ್ಲಿ ಈಗ ಮತ್ತೆ ಮಗ್ಗದ ಸದ್ದು ಕೇಳುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಬಣ್ಣ ಹಾಕಿದ ಒಂದು ಸೀರೆ ಕೈಗೆ ಕೊಟ್ಟರು. ಕೆಂಪೂ ಅಲ್ಲ, ಕಂದೂ ಅಲ್ಲ, ಎಲೆಯಡಿಕೆ ಹಾಕಿದ ತುಟಿಯ ಬಣ್ಣ. ತೂಕವೇ ಇಲ್ಲ, ಮಡಿಸಿದರೆ ಒಂದು ಹಿಡಿ. ಒಂದೊಂದಕ್ಕೂ ಎರಡೂವರೆ ಸಾವಿರದ ಒಳಗೆ, ಹತ್ತು ಸೀರೆ ತೆಗೆದೆವು. ಮದುವೆ ಆಗಿ ಮೂರು ತಿಂಗಳಿಗೆ ನಮ್ಮ ಅತ್ತಿಗೆ ಅದೇ ಸೀರೆ ಉಟ್ಟುಕೊಂಡು ಬ್ಯಾಂಕಿಗೆ ಹೊರಟಿದ್ದು ನೋಡಿದೆ. ಕೊಟ್ಟ ಸೀರೆಯನ್ನು ಉಟ್ಟಿದ್ದು ನಾನು ಕಂಡಿದ್ದು ಅದೇ ಮೊದಲು.

ಮಲ್ಲಿಗೆ ಹೂವನ್ನೂ ಅಲ್ಲೇ ಗೊತ್ತುಮಾಡಿದೆವು. ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆ, ಬಾಳೆನಾರಿನಲ್ಲಿ ಕಟ್ಟಿದ್ದು. ಲೆಕ್ಕ ಮೊಳದಲ್ಲಿಲ್ಲ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಏರುತ್ತದೆ. ಮದುವೆ ಹಿಂದಿನ ರಾತ್ರಿ ಬಸ್ಸಿನಲ್ಲಿ ಬಾಳೆಎಲೆ ಸುತ್ತಿ ಕಳಿಸಿದ್ದರು. ಬೆಳಿಗ್ಗೆ ಛತ್ರದಲ್ಲಿ ಕಟ್ಟು ಬಿಚ್ಚಿದಾಗ ಮೊಗ್ಗು ಆಗಷ್ಟೇ ಅರಳುತ್ತಿತ್ತು.

ಮಗನ ಶೇರ್ವಾನಿ ಮಾತ್ರ ಕೈ ಕೊಟ್ಟಿತು. ಒಂದು ಅಂಗಡಿಯಲ್ಲಿ "ತೋಳು ಸ್ವಲ್ಪ ಕಡಿಮೆ ಮಾಡಿ ನಾಳೆ ಕೊಡುವ" ಅಂದರು. ನಾಳೆ ಅನ್ನೋದು ಮೂರನೇ ದಿನಕ್ಕೆ ಬಂತು, ಒಂದು ತೋಳು ಕಡಿಮೆಯಾಗಿತ್ತು, ಇನ್ನೊಂದು ಹಾಗೇ ಇತ್ತು. ಬೆಂಗಳೂರಿನಲ್ಲಿ ನಮ್ಮ ಗಲ್ಲಿ ಟೈಲರ್ ಸರಿಮಾಡಿದ.

ಊಟದಲ್ಲಿ ಯಜಮಾನರೂ ಮಗನೂ ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಕೋರಿರೊಟ್ಟಿ ಅಂತ ಹೊತ್ತು ಹೊತ್ತಿಗೆ ಹೊಸ ಹೋಟೆಲು ಹುಡುಕಿದರು. ಅಕ್ಕ ಕಾಶಿಗೆ ಹೋಗಿ ಬಂದ ಮೇಲೆ ಮೀನು ಮಾಂಸ ಬಿಟ್ಟಿದ್ದಾಳೆ. ಅವಳಿಗೆ ಬನ್ಸು, ಗೋಳಿಬಜೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು. ರಾತ್ರಿ ಎಲ್ಲರೂ ಸೇರಿ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಉದ್ದ ಗ್ಲಾಸಿನ ತಳದ ಜೆಲ್ಲಿಗೆ ಚಮಚ ಮುಟ್ಟಿಸಲು ಅಕ್ಕ ಪಟ್ಟ ಪಾಡನ್ನು ಮಗ ವಿಡಿಯೊ ಮಾಡಿ ಮದುವೆ ದಿನ ತೋರಿಸಿದ.

ಸಮುದ್ರದ ಬಾಬ್ತಿನಲ್ಲಿ ಹೋಲಿಕೆಯೇ ಇಲ್ಲ. ಚೆನ್ನೈನಲ್ಲಿ ಅಂಗಡಿ ರಜೆಯನ್ನು ನುಂಗಿತು. ಇಲ್ಲಿ ಜವಳಿ ಬೇಗ ಮುಗಿದು ಸಂಜೆಗಳು ನಮ್ಮ ಕೈಗೆ ಸಿಕ್ಕವು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ನದಿ ದಾಟಿ ತಣ್ಣೀರುಬಾವಿಗೆ ಹೋದರೆ ಗಾಳಿಮರದ ನೆರಳು, ಎದುರಿಗೆ ಸೂರ್ಯ ಇಳಿಯುತ್ತಿರುತ್ತದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಜಮಾನರು ಪ್ಯಾಂಟು ಮಡಚಿ ನೀರಿಗಿಳಿದರು. ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬರೆದ ಗೋಡೆ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿದೆವು. ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ, ಪೀಠದ ಶಾಸನ 968ನೇ ಇಸವಿಯದು. ಡಿಸೆಂಬರ್ ಆದ್ದರಿಂದ ಇದೆಲ್ಲ ಸಾಧ್ಯವಾಯಿತು. ಆಷಾಢದ ಮಳೆಯಲ್ಲಿ ಹೋದರೆ ಸಮುದ್ರವನ್ನು ದೂರದಿಂದ ನೋಡಿ ಕೊಡೆ ಹಿಡಿದು ಬರಬೇಕಷ್ಟೆ.

ಈಗ ಅಕ್ಕನ ಕಿರಿಮಗಳಿಗೆ ಗಂಡು ಗೊತ್ತಾಗಿದೆ. ಅಕ್ಕ ಆಗಲೇ ತೀರ್ಮಾನ ಮಾಡಿದ್ದಾಳೆ. ಕಂಚಿ ಹೇಗೂ ಚೆನ್ನೈಗಿಂತ ಮುಂಚೆಯೇ ಸಿಗುತ್ತದೆ, ಕಾರಲ್ಲಿ ಹೋಗಿ ಹಗಲು ಬೆಳಕಲ್ಲಿ ಧಾರೆ ಸೀರೆ ತಗೊಂಡು ವಾಪಸ್ ಬರೋದು. ಉಳಿದಿದ್ದಕ್ಕೆಲ್ಲ ಮಂಗಳೂರು, ರೈಲಲ್ಲೇ. ಟಿ. ನಗರ ಅಂದರೆ ಅವಳಿಗೆ ಕಿವಿ ಕೇಳಿಸುವುದಿಲ್ಲ. ಶೇರ್ವಾನಿ ಹೊಲಿಸೋದು ಬೀಗರ ತಲೆನೋವು, ನಮ್ಮದಲ್ಲ ಅಂತ ಸಮಾಧಾನವಾಗಿದ್ದಾಳೆ.