ಸಿ-ಡ್ಯಾಕ್ ಬೆಂಗಳೂರಿನ ಚಿಪ್‌ಇನ್ ಕೇಂದ್ರ: ಟೂಲ್ ಚಿಂತೆ ತಪ್ಪಿತು, ಟೇಪ್‌ಔಟ್ ಚಿಂತೆ ಉಳಿಯಿತು

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟ ಮೇಲೆ ದೊಡ್ಡ ಘಟಕಗಳು ಗುಜರಾತಿನ ಧೋಲೇರಾ, ಸಾನಂದ್ ಮತ್ತು ಅಸ್ಸಾಮಿನ ಮೋರಿಗಾಂವ್ ಕಡೆ ಹೋದವು. ಚಿಪ್ ವಿನ್ಯಾಸವೇ ಕಸುಬಾಗಿರುವ ಬೆಂಗಳೂರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ನಡೆಸುವ ಈ ಚಿಪ್‌ಇನ್ ಕೇಂದ್ರ. ಆಯ್ಕೆಯಾದ ಕಾಲೇಜು ಮತ್ತು ಸ್ಟಾರ್ಟಪ್‌ಗಳಿಗೆ ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್‌ನ ಇಡಿಎ ಟೂಲ್‌ಗಳು (ಚಿಪ್ ವಿನ್ಯಾಸದ ಸಾಫ್ಟ್‌ವೇರ್) ಇದ್ದಲ್ಲಿಗೇ ಸಿಗುತ್ತವೆ. ಸಣ್ಣ ತಂಡವೊಂದು ಸ್ವಂತ ದುಡ್ಡಿನಲ್ಲಿ ಇವನ್ನು ಕೊಳ್ಳುವುದು ಆಗದ ಮಾತು. ಈ ಒಂದು ಕೆಲಸಕ್ಕೇ ಕೇಂದ್ರಕ್ಕೆ ಪೂರ್ಣ ಅಂಕ ಕೊಡಬೇಕು.

ಹಂಚಿಕೊಂಡು ಬಳಸುವ ಲೈಸೆನ್ಸ್‌ಗೆ ಶಿಸ್ತು ಬೇಕು. ಲೇಔಟ್ (ಚಿಪ್‌ನ ನಕ್ಷೆ) ವಿಂಡೋ ತೆರೆದಿಟ್ಟು ಮನೆಗೆ ಹೋದರೆ ಆ ಸೀಟು ಬೇರೆಯವರಿಗೆ ಸಿಗುವುದಿಲ್ಲ. ಉದ್ದದ ಸಿಮ್ಯುಲೇಶನ್‌ಗಳನ್ನು ರಾತ್ರಿ ಬ್ಯಾಚ್‌ನಲ್ಲಿ ಹಾಕಿ, ಹಗಲಿಗೆ ಲೇಔಟ್ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು.

ಟೇಪ್‌ಔಟ್, ಅಂದರೆ ಮುಗಿದ ವಿನ್ಯಾಸವನ್ನು ತಯಾರಿಕೆಗೆ ಕಳಿಸುವುದು, ಮುಂದಿನ ಹಂತ. ಅದಕ್ಕೆ ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಎಸ್‌ಸಿಎಲ್ ಇದೆ. ಅಲ್ಲಿನದು 180 ನ್ಯಾನೋಮೀಟರ್ ಸಿಮಾಸ್ ತಂತ್ರಜ್ಞಾನ, ಚಿಪ್‌ನ ಒಳಗಿನ ಕೋರ್‌ಗೆ 1.8 ವೋಲ್ಟ್, ಹೊರಗಿನ ಸಂಪರ್ಕದ ಐಒಗೆ 3.3 ವೋಲ್ಟ್. ಸೆನ್ಸರ್ ಇಂಟರ್‌ಫೇಸ್, ಎಡಿಸಿ (ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವುದು), ಪವರ್ ಮ್ಯಾನೇಜ್‌ಮೆಂಟ್ ಚಿಪ್‌ಗಳಿಗೆ ಧಾರಾಳವಾಗಿ ಸಾಕು. ವೇಗದ ಪ್ರೊಸೆಸರ್ ಮಾಡುವವರು ವಿದೇಶಿ ಫೌಂಡ್ರಿಯ (ಚಿಪ್ ತಯಾರಿಸಿಕೊಡುವ ಕಾರ್ಖಾನೆ) ದಾರಿಯನ್ನೇ ನೋಡಬೇಕು. ಹಲವರ ವಿನ್ಯಾಸಗಳನ್ನು ಒಟ್ಟುಗೂಡಿಸಿ ಒಂದೇ ಸರದಿಯಲ್ಲಿ ಕಳಿಸುವುದರಿಂದ, ಒಂದು ಗಡುವು ತಪ್ಪಿದರೆ ಮುಂದಿನ ಸರದಿಯವರೆಗೆ ಕಾಯುವುದೇ ಗತಿ.

ಗಡುವು ತಪ್ಪಿಸುವುದು ಸಾಮಾನ್ಯವಾಗಿ ಸರ್ಕ್ಯೂಟ್ ಅಲ್ಲ, ಕೊನೆಯ ಪರಿಶೀಲನೆ. ಉದಾಹರಣೆಗೆ, ಟ್ರಾನ್ಸಿಸ್ಟರ್‌ನ ಗೇಟಿಗೆ ಅಂಟಿಕೊಂಡ ಉದ್ದದ ಮೆಟಲ್ ತಂತಿ, ಎಚಿಂಗ್ (ಪದರ ಕೊರೆಯುವ ಹಂತ) ವೇಳೆ ಪ್ಲಾಸ್ಮಾದ ಚಾರ್ಜ್ ಹೀರಿ ಗೇಟ್ ಕೆಳಗಿನ ತೆಳು ಆಕ್ಸೈಡ್ ಪದರವನ್ನು ಹಾಳುಮಾಡಬಹುದು. ಗೇಟಿನ ಹತ್ತಿರವೇ ಮೇಲಿನ ಲೇಯರ್‌ಗೆ ಜಿಗಿಸಿ, ಇಲ್ಲವೇ ಆ ಚಾರ್ಜ್ ಹರಿದುಹೋಗಲು ಆಂಟೆನಾ ಡಯೋಡ್ ಹಾಕಿ. ಮೆಟಲ್ ಡೆನ್ಸಿಟಿ (ಲೋಹದ ಪ್ರಮಾಣ) ಕಡಿಮೆ ಬಂದರೆ ಡಮ್ಮಿ ಫಿಲ್, ಅಂದರೆ ಕೆಲಸವಿಲ್ಲದ ಲೋಹದ ತುಂಡುಗಳನ್ನು ತುಂಬಬೇಕು. ಆದರೆ ಫಿಲ್ ಕೂಡ ಕೆಪ್ಯಾಸಿಟೆನ್ಸ್ ಹೆಚ್ಚಿಸುತ್ತದೆ. ಫಿಲ್ ಆದ ಮೇಲೆ ಮತ್ತೊಮ್ಮೆ ಎಕ್ಸ್‌ಟ್ರಾಕ್ಷನ್ ಮಾಡಿ (ಲೇಔಟಿನಿಂದ ಕೆಪ್ಯಾಸಿಟೆನ್ಸ್ ಲೆಕ್ಕ ತೆಗೆದು) ಟೈಮಿಂಗ್ ನೋಡದೆ ಜಿಡಿಎಸ್ (ಕೊನೆಯ ಲೇಔಟ್ ಫೈಲ್) ಕಳಿಸಬೇಡಿ. ಪ್ಯಾಡ್‌ಗಳ ಕ್ರಮವನ್ನು ಪ್ಯಾಕೇಜಿನ ಪಿನ್‌ಗಳಿಗೆ ಮೊದಲೇ ಹೊಂದಿಸಿಟ್ಟರೆ ಬಾಂಡ್ ವೈರ್‌ಗಳು ಒಂದರ ಮೇಲೊಂದು ಹಾಯುವುದು ತಪ್ಪುತ್ತದೆ.

ಈ ಕೇಂದ್ರದ ಜತೆಗಿರುವ ಡಿಎಲ್‌ಐ (ಚಿಪ್ ವಿನ್ಯಾಸಕ್ಕೆ ಸರ್ಕಾರದ ಪ್ರೋತ್ಸಾಹ ಯೋಜನೆ) ಸಹಾಯಧನ ಕಾಗದದ ಮೇಲೆ ಉದಾರವಾಗಿದೆ: ಅರ್ಹ ಖರ್ಚಿನ ಶೇ. 50, ಒಂದು ಅರ್ಜಿಗೆ ಗರಿಷ್ಠ 15 ಕೋಟಿ. ಮಾರಾಟ ಶುರುವಾದ ಮೇಲೆ 5 ವರ್ಷ ನಿವ್ವಳ ವಹಿವಾಟಿನ ಶೇ. 6ರಿಂದ 4, ಗರಿಷ್ಠ 30 ಕೋಟಿ. ಆದರೆ ವಿನ್ಯಾಸದ ಹಣ ಮರುಪಾವತಿ, ಮುಂಗಡವಲ್ಲ. 4 ಕೋಟಿಯ ಕೆಲಸಕ್ಕೆ ಮೊದಲು ಕೈಯಿಂದ ಹಾಕಿ, ಆಮೇಲೆ 2 ಕೋಟಿಯವರೆಗೆ ಪಡೆಯಬೇಕು. ಬಂಡವಾಳವೇ ಇಲ್ಲದ ಹೊಸ ತಂಡಕ್ಕೆ ಈ ನಿಯಮ ನಿಜಕ್ಕೂ ಅನ್ಯಾಯ, ಬದಲಾಗಲೇಬೇಕು. ಇನ್ನೊಂದು ಷರತ್ತು, ಪ್ರೋತ್ಸಾಹಧನ ಪಡೆದವರು 3 ವರ್ಷ ದೇಶೀ ಕಂಪನಿಯಾಗಿಯೇ ಉಳಿಯಬೇಕು, ಅಂದರೆ ಅರ್ಧಕ್ಕಿಂತ ಹೆಚ್ಚು ಷೇರು ಭಾರತೀಯರ ಕೈಯಲ್ಲಿರಬೇಕು. ವಿದೇಶಿ ಹೂಡಿಕೆದಾರರ ಜತೆ ಮಾತಿಗೆ ಕೂರುವ ಮುನ್ನವೇ ಷೇರಿನ ಲೆಕ್ಕ ಹಾಕಿಟ್ಟುಕೊಳ್ಳಿ.