ಗಡುವು ಮೀರಿದ ಕ್ರಿಮಿನಲ್ ಮೇಲ್ಮನವಿ: ಉಚಿತ ಕಾನೂನು ನೆರವು ಹೇಗಿದೆ?

ಸೆಷನ್ಸ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಸೆರೆಮನೆಯಲ್ಲಿರುವ ನಮ್ಮ ಸಂಬಂಧಿಕರೊಬ್ಬರ ಮೇಲ್ಮನವಿಯನ್ನು, ಗಡುವು ಮುಗಿದ ಮೇಲೆ, ಉಚಿತ ಕಾನೂನು ನೆರವಿನ ಮೂಲಕ ಹೈಕೋರ್ಟಿಗೆ ಸಲ್ಲಿಸಲಾಯಿತು. ವಕೀಲರ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ನೆರವು ನೀಡುವ ಕಾನೂನು ಸೇವೆಗಳ ಕಚೇರಿಯ ವ್ಯವಹಾರಕ್ಕೆ ಅರ್ಧವೂ ಸಲ್ಲದು.

1963ರ ಲಿಮಿಟೇಷನ್ ಕಾಯ್ದೆಯಂತೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಅವಕಾಶವಿದೆ, ಮರಣದಂಡನೆಯಾಗಿದ್ದರೆ 30 ದಿನ ಮಾತ್ರ. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಈ ದಿನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದರಾಚೆಗೂ ತಡವಾದರೆ 5ನೇ ಸೆಕ್ಷನ್ನಿನಡಿ ಸಾಕಷ್ಟು ಕಾರಣ ತೋರಿಸಿ ವಿಳಂಬ ಮನ್ನಾ ಮಾಡಿಸಿಕೊಳ್ಳಬೇಕು.

ನಮಗೆ ನೇಮಕವಾದ ಪ್ಯಾನೆಲ್ ವಕೀಲರು (ಕಾನೂನು ನೆರವು ಕಚೇರಿಯ ಪಟ್ಟಿಯಲ್ಲಿರುವ ವಕೀಲರು) ಪ್ರಕರಣದ ಕಥೆ ಕೇಳುವ ಮೊದಲೇ ದೃಢೀಕೃತ ನಕಲಿನ ಕೊನೆಯ ಪುಟ ತಿರುಗಿಸಿ, ನಕಲಿಗೆ ಅರ್ಜಿ ಹಾಕಿದ, ಅದು ಸಿದ್ಧವಾದ ಮತ್ತು ಕೈಗೆ ಕೊಟ್ಟ ದಿನಾಂಕಗಳನ್ನು ಮೊಹರಿನಿಂದ ಗುರುತು ಹಾಕಿಕೊಂಡರು. 'ಬಡತನ ಮತ್ತು ಅಜ್ಞಾನದಿಂದ ತಡವಾಯಿತು' ಎಂಬ ಸವಕಲು ಸಾಲು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಇವರು ಹಾಗೆ ಮಾಡದೆ, ಹಿಂದಿನ ಖಾಸಗಿ ವಕೀಲರು ಬಾಕಿ ಶುಲ್ಕಕ್ಕಾಗಿ ಕಡತ ಹಿಡಿದಿಟ್ಟುಕೊಂಡದ್ದು, ವಕಾಲತ್ತಿಗೆ ಜೈಲಿನಲ್ಲಿ ಸಹಿ ಮಾಡಿಸಿ ಅಧಿಕಾರಿಯ ದೃಢೀಕರಣ ಪಡೆಯುವಾಗ ಕಳೆದ ವಾರಗಳು, ಎಲ್ಲವನ್ನೂ ಕಾಗದಪತ್ರಗಳ ಸಮೇತ ಅಫಿಡವಿಟ್ಟಿನಲ್ಲಿ ಬಿಡಿಸಿ ಬರೆದರು. ಪ್ರತಿದಿನದ ವಿಳಂಬಕ್ಕೂ ವಿವರಣೆ ಬೇಕೆಂಬುದನ್ನು ಅಕ್ಷರಶಃ ಹಿಡಿಯಬಾರದೆಂದು ಸುಪ್ರೀಂ ಕೋರ್ಟು 1987ರ ಕಾಟಿಜಿ ಪ್ರಕರಣದಲ್ಲಿ ಹೇಳಿದ್ದರೂ, ಆ ಔದಾರ್ಯವನ್ನೇ ನೆಚ್ಚಿ ಕೂರದಿದ್ದುದು ನನಗೆ ಮೆಚ್ಚುಗೆಯಾಯಿತು. ವಿಳಂಬ ಮನ್ನಾ ಅರ್ಜಿ ಮಂಜೂರಾಯಿತು.

ಆದರೆ ಮಂಜೂರಾದದ್ದನ್ನು ನಮಗೆ ಯಾರೂ ತಿಳಿಸಲಿಲ್ಲ. ಕಚೇರಿಯ ದೂರವಾಣಿಯನ್ನು ಯಾರೂ ಎತ್ತುತ್ತಿರಲಿಲ್ಲ; ಕಡೆಗೆ ಇ-ಕೋರ್ಟ್ಸ್ ತಾಣದಲ್ಲಿ ನಾವೇ ಪ್ರಕರಣ ಸಂಖ್ಯೆ ಹಾಕಿ ನೋಡಿಕೊಂಡೆವು. ವಿಳಂಬ ಮನ್ನಾ ಆಗುವವರೆಗೆ ಶಿಕ್ಷೆ ಅಮಾನತಿನ (ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆ ತಡೆಹಿಡಿದು ಬಿಡುಗಡೆ ಕೋರುವ) ಅರ್ಜಿ ವಿಚಾರಣೆಗೆ ಬರುವುದಿಲ್ಲವೆಂದು ಮೊದಲೇ ಒಂದು ಮಾತು ಹೇಳಿದ್ದರೆ, ಮನೆಯವರು ಪ್ರತಿ ಸೋಮವಾರ ಬಿಡುಗಡೆಯ ನಿರೀಕ್ಷೆಯಲ್ಲಿ ಕೂರುವುದು ತಪ್ಪುತ್ತಿತ್ತು. ಸುಪ್ರೀಂ ಕೋರ್ಟಿನ ಮುಂದೆ ಬಂದ 1978ರ ಹೊಸ್ಕೋಟ್ ಪ್ರಕರಣದಲ್ಲಿ ಕೈದಿಗೆ ತೀರ್ಪಿನ ನಕಲು ತಲುಪಿದ್ದಕ್ಕೆ ಲಿಖಿತ ಸ್ವೀಕೃತಿಯೇ ಇರಲಿಲ್ಲ. ಇಷ್ಟು ವರ್ಷಗಳ ನಂತರವೂ ಮಾಹಿತಿ ಮುಟ್ಟಿಸುವುದರಲ್ಲೇ ವ್ಯವಸ್ಥೆ ಎಡವುತ್ತಿದೆ.

ಈ ಸೇವೆ ಬೇಕಾದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಸೆರೆಯಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಸಲ್ಲಿಸಲು ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನದ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 424ನೇ ಸೆಕ್ಷನ್ ಅವಕಾಶ ನೀಡುತ್ತದೆ. ಯಾರಾದರೂ ಆದಾಯ ಪ್ರಮಾಣಪತ್ರ ತನ್ನಿ ಎಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ತೋರಿಸಿ: ಬಂಧನದಲ್ಲಿರುವವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ.