ಮಾರ್ಗರಿಟಾ ಪರೀಕ್ಷೆ: ಬ್ರ್ಯಾಂಡ್ ಮಳಿಗೆ, ಸೌದೆ ಒಲೆ ಮತ್ತು ನಮ್ಮ ಬೇಕರಿ

ಪಿಜ್ಜಾ ಮೇಜಿಗೆ ಬಂದ ತಕ್ಷಣ ನಾನು ಒಂದು ತುಂಡನ್ನು ಎತ್ತಿ ಮಗುಚಿ ನೋಡುತ್ತೇನೆ. ಹಿಟ್ಟು ಸರಿಯಾಗಿ ಹುದುಗಿದೆಯೇ, ಒಲೆ ಸಾಕಷ್ಟು ಕಾದಿತ್ತೇ, ಅವಸರದಲ್ಲಿ ಹೊರತೆಗೆದರೇ ಎಂಬುದೆಲ್ಲ ತಳ ನೋಡಿದರೆ ಗೊತ್ತಾಗುತ್ತದೆ. ಪಿಜ್ಜಾ ಮೂಲತಃ ರೊಟ್ಟಿ. ರೊಟ್ಟಿ ಕೆಟ್ಟಿದ್ದರೆ ಮೇಲೆ ಎಷ್ಟು ಚೀಸ್ ಸುರಿದರೂ, ಪನೀರು, ಜೋಳದ ಕಾಳು, ಆಲಿವ್ ಹರಡಿದರೂ ಅದು ಒಳ್ಳೆಯ ಪಿಜ್ಜಾ ಆಗುವುದಿಲ್ಲ. ಬೆಂಗಳೂರಿನಲ್ಲಿ ಸಿಗುವ ಪಿಜ್ಜಾಗಳನ್ನು ಹೋಲಿಸಿ ನೋಡಲು ಹೊರಟಾಗ ಅದಕ್ಕೇ ಸಿಕ್ಕ ಕಡೆಯೆಲ್ಲ ಮಾರ್ಗರಿಟಾವನ್ನೇ ತರಿಸಿದೆ. ಟೊಮೆಟೊ ಸಾಸ್, ಚೀಸ್, ಹೆಚ್ಚೆಂದರೆ ನಾಲ್ಕು ಬೇಸಿಲ್ (ಕಾಮಕಸ್ತೂರಿ) ಎಲೆ. ತಪ್ಪು ಮುಚ್ಚಿಡಲು ಅದರಲ್ಲಿ ಜಾಗವಿಲ್ಲ. ಅರ್ಧವನ್ನು ಬಿಸಿಯಾಗಿದ್ದಾಗಲೇ ತಿಂದು, ಉಳಿದರ್ಧವನ್ನು ಸ್ವಲ್ಪ ಹೊತ್ತು ಆರಲು ಬಿಟ್ಟು ರುಚಿ ನೋಡಿದೆ.

ಮೊದಲು ದೊಡ್ಡ ಬ್ರ್ಯಾಂಡ್‌ಗಳ ಮಾತು. ಪಿಜ್ಜಾ ಹಟ್ 1996ರಲ್ಲಿ ಭಾರತಕ್ಕೆ ಬಂದಾಗ ಮೊದಲ ಮಳಿಗೆ ತೆರೆದದ್ದು ಬೆಂಗಳೂರಿನಲ್ಲಿ. ಅದೇ ವರ್ಷ ಡಾಮಿನೋಸ್ ದೆಹಲಿಯಲ್ಲಿ ಶುರುವಾಯಿತು. ನನ್ನ ತಲೆಮಾರಿನ ಬಹಳಷ್ಟು ಜನರಿಗೆ ಪಿಜ್ಜಾದ ಮೊದಲ ರುಚಿ ಹತ್ತಿದ್ದು ಇಂಥ ಮಳಿಗೆಗಳಲ್ಲೇ. ಇವುಗಳ ಬಲ ಇರುವುದು ವ್ಯವಸ್ಥೆಯಲ್ಲಿ. ಹಿಟ್ಟು ಸಾಮಾನ್ಯವಾಗಿ ಒಂದು ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ, ತಂಪು ವಾಹನದಲ್ಲಿ ಮಳಿಗೆಗೆ ಬರುತ್ತದೆ. ಪಿಜ್ಜಾ ಚಲಿಸುವ ಪಟ್ಟಿಯ ಮೇಲೆ ಕೂತು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್ನಿನೊಳಗೆ ಸಾಗಿ, ಆರೇಳು ನಿಮಿಷದಲ್ಲಿ ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಬೇಯಿಸುವವರ ಕೈಗುಣಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಜಯನಗರದಲ್ಲಿ ತಿಂದ ಪಿಜ್ಜಾವೇ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಆದರೆ ರುಚಿಗೆ ಒಂದು ಮಿತಿ ಇದೆ. ಸಾಸ್‌ನಲ್ಲಿ ಹುಳಿಗಿಂತ ಸಿಹಿ ಮುಂದೆ ನಿಲ್ಲುತ್ತದೆ. ಎಣ್ಣೆ ಸವರಿದ ಬಾಣಲೆಯಲ್ಲಿ ಬೇಯುವ ದಪ್ಪ ತಳ ಬಿಸಿಯಲ್ಲಿ ಗರಿಗರಿಯಾಗಿ ನಿಜಕ್ಕೂ ಸೊಗಸಾಗಿರುತ್ತದೆ, ಆರಿದ ಮೇಲೆ ಅದೇ ಎಣ್ಣೆ ನಾಲಗೆಗೆ ಅಂಟುತ್ತದೆ. ತೆಳು ತಳದ ಬಗೆ ನನಗೆ ಹೆಚ್ಚು ಹಿಡಿಸಿತು. ಹತ್ತಕ್ಕೆ ಆರು. ಮನೆಗೆ ತರಿಸುವುದಾದರೆ ಆರೂವರೆ ಕೊಡುತ್ತೇನೆ. ಡಬ್ಬಿಯಲ್ಲಿ ಕೂತು ಬರುವುದಕ್ಕೆಂದೇ ರೂಪಿಸಿದ ಪಿಜ್ಜಾ ಇದು.

ಸೌದೆ ಒಲೆಯ ಪಿಜ್ಜಾದ ಲೆಕ್ಕವೇ ಬೇರೆ. ಇಟಲಿಯ ನೇಪಲ್ಸ್‌ನ ಪಿಜ್ಜಾ ಪದ್ಧತಿಯನ್ನು ಕಾಪಾಡಲು 1984ರಲ್ಲಿ ಹುಟ್ಟಿದ ಸಂಘವೊಂದಿದೆ. ಅದರ ನಿಯಮದ ಪ್ರಕಾರ ಒಲೆ 430ರಿಂದ 480 ಡಿಗ್ರಿಯ ಆಸುಪಾಸು ಕಾದಿರಬೇಕು, ಪಿಜ್ಜಾ ಒಂದರಿಂದ ಒಂದೂವರೆ ನಿಮಿಷದಲ್ಲಿ ಬೆಂದಿರಬೇಕು. ನೇಪಲ್ಸ್‌ನ ಪಿಜ್ಜಾ ಕುಶಲಕರ್ಮಿಗಳ ಈ ಕಲೆ 2017ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಯನ್ನೂ ಸೇರಿತು. ಇಂದಿರಾನಗರ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಈಗ ಇಂಥ ಒಲೆಗಳಿವೆ. ನಾನು ಕೂತಿದ್ದ ಒಂದು ಕಡೆ ಒಲೆ ಕಣ್ಣಿಗೆ ಕಾಣುವಂತಿತ್ತು. ಹುಡುಗ ಉಂಡೆಯನ್ನು ಲಟ್ಟಣಿಗೆ ಮುಟ್ಟಿಸದೆ ಬೆರಳ ತುದಿಯಿಂದಲೇ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋದ. ಒಳಗಿನ ಗಾಳಿಯೆಲ್ಲ ಅಂಚಿಗೆ ಸೇರಿತು. ಉದ್ದ ಹಿಡಿಯ ಹಲಗೆಯಿಂದ ಒಲೆಯೊಳಗೆ ಜಾರಿಸಿದ ಕೂಡಲೇ ಆ ಅಂಚು ಬುಸ್ಸನೆ ಉಬ್ಬಿ, ಜೋಳದ ರೊಟ್ಟಿಯ ಮೇಲೆ ಏಳುವಂತೆ ಅಲ್ಲಲ್ಲಿ ಕಪ್ಪು ಚುಕ್ಕೆಗಳೆದ್ದವು. ಒಮ್ಮೆ ತಿರುಗಿಸಿದ, ತೆಗೆದ. ಬಾಯಿಗಿಟ್ಟರೆ ಹೊರಗೆ ತೆಳ್ಳನೆಯ ಗರಿ, ಒಳಗೆ ಮೆತ್ತನೆಯ, ಸಣ್ಣ ಹುಳಿಯ ರೊಟ್ಟಿ. ರಾತ್ರಿಯೆಲ್ಲ ತಂಪಿನಲ್ಲಿ ನಿಧಾನವಾಗಿ ಹುದುಗಿದ ಹಿಟ್ಟಿಗೆ ಮಾತ್ರ ಬರುವ ರುಚಿ ಅದು. ಹತ್ತಕ್ಕೆ ಒಂಬತ್ತು, ಎರಡನೇ ಯೋಚನೆ ಇಲ್ಲದೆ.

ಸೌದೆ ಇದ್ದ ಮಾತ್ರಕ್ಕೆ ಪಿಜ್ಜಾ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ. ಇನ್ನೊಂದು ಕಡೆ, ಹೆಸರು ಬೇಡ, ತಳ ಇದ್ದಿಲಾಗಿತ್ತು, ನಡುವೆ ಹಿಟ್ಟು ಹಸಿಯಾಗಿತ್ತು. ಒಲೆಯ ನೆಲ ಅತಿಯಾಗಿ ಕಾದು, ಮೇಲಿನ ಜ್ವಾಲೆ ಸಾಲದಾದರೆ ಹೀಗಾಗುತ್ತದೆ. ಆ ತಟ್ಟೆಗೆ ಐನೂರು ರೂಪಾಯಿಯ ಮೇಲೆ ಕೊಟ್ಟದ್ದು ಈಗಲೂ ನೋವಾಗುತ್ತದೆ. ಈ ಬಗೆಯ ಪಿಜ್ಜಾವನ್ನು ಮನೆಗೆ ಎಂದಿಗೂ ತರಿಸಬೇಡಿ. ತಾಜಾ ಮೊಜರೆಲ್ಲಾ ಚೀಸ್ ನೀರು ಬಿಡುತ್ತದೆ, ಡಬ್ಬಿಯೊಳಗಿನ ಹಬೆ ಅಂಚನ್ನು ಒದ್ದೆ ಮಾಡುತ್ತದೆ. ಮೇಜಿನ ಮೇಲೆ ಒಂಬತ್ತು ಪಡೆದದ್ದಕ್ಕೆ ಡಬ್ಬಿಯಲ್ಲಿ ನಾಲ್ಕನ್ನೂ ಕಷ್ಟಪಟ್ಟೇ ಕೊಡಬೇಕಾಯಿತು.

ಬಡಾವಣೆಯ ಕೆಫೆಗಳಲ್ಲಿ ಮಾಡುವ ಗೋಬಿ ಮಂಚೂರಿ ಪಿಜ್ಜಾ, ತಂದೂರಿ ಪಿಜ್ಜಾಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಅಂಗಡಿಯಿಂದ ತಂದ ಸಿದ್ಧ ತಳ, ಅದರ ಮೇಲೆ ಭಾರ. ನಾಲ್ಕು.

ಬೇಕರಿ ಪಿಜ್ಜಾವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಖಾರ ಬನ್, ದಿಲ್‌ಪಸಂದ್‌ಗಳ ಪಕ್ಕದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಅಂಗೈ ಅಗಲದ ಆ ಪಿಜ್ಜಾದಲ್ಲಿ ಮಾರ್ಗರಿಟಾ ಎಂಬುದೇ ಇಲ್ಲ. ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ತುರಿದ ಕ್ಯಾರೆಟ್, ಸ್ವಲ್ಪ ಖಾರ, ಮೇಲೊಂದಿಷ್ಟು ಸಂಸ್ಕರಿಸಿದ ಚೀಸ್. ಆ ಚೀಸ್ ಕರಗಿದರೂ ಎಳೆ ಎಳೆಯಾಗಿ ಬರುವುದಿಲ್ಲ, ಅದನ್ನು ಬಯಸಿ ಹೋದವರಿಗೆ ನಿರಾಸೆ ಖಂಡಿತ. ಆದರೆ ತಳವನ್ನು ಮಗುಚಿ ನೋಡಿ! ಅದು ಅದೇ ದಿನ, ಅದೇ ಭಟ್ಟಿಯಲ್ಲಿ, ದಿನವಿಡೀ ಬ್ರೆಡ್ಡು ಬನ್ನು ಸುಡುವವರ ಕೈಯಲ್ಲಿ ಬೆಂದ ರೊಟ್ಟಿ. ಹದವಾಗಿ ಕೆಂಪಗಾಗಿರುತ್ತದೆ, ಒತ್ತಿದರೆ ಮೇಲೇಳುತ್ತದೆ. ಹಿಂದಿನ ದಿನ ತಯಾರಾಗಿ ಗಾಡಿ ಹತ್ತಿ ಬಂದ ಹಿಟ್ಟಿಗೆ ಈ ತಾಜಾತನ ಇಲ್ಲ. ಹತ್ತಕ್ಕೆ ಏಳು. ಬೆಲೆಯನ್ನೂ ಸೇರಿಸಿದರೆ ಏಳೂವರೆ.

"ಬಿಸಿ ಮಾಡಿ ಕೊಡಲೇ ಸಾರ್?" ಎಂದು ಕೇಳಿದರೆ, ಮೈಕ್ರೋವೇವ್ ಇದ್ದಲ್ಲಿ ಬೇಡ ಎನ್ನಿ. ಅದರಲ್ಲಿ ರೊಟ್ಟಿ ಮೊದಲು ಮೆತ್ತಗಾಗಿ, ಎರಡೇ ನಿಮಿಷದಲ್ಲಿ ಚಕ್ಕಳವಾಗುತ್ತದೆ. ಮನೆಗೆ ತಂದು ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ಪಿಜ್ಜಾ ಇಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ತಟ್ಟೆ ಮುಚ್ಚಿ. ಹಬೆಗೆ ಚೀಸ್ ಕರಗುತ್ತದೆ, ತಳ ಗರಿಯಾಗುತ್ತದೆ. ಬ್ರ್ಯಾಂಡ್ ಮಳಿಗೆಯ ಉಳಿಕೆ ತುಂಡೂ ಇದೇ ಉಪಾಯದಲ್ಲಿ ಅರ್ಧ ಅಂಕ ಮೇಲೇರುತ್ತದೆ. ಸೌದೆ ಒಲೆಯದನ್ನು ಮಾತ್ರ ಉಳಿಸಲು ಹೋಗಬೇಡಿ, ಕೂತಲ್ಲೇ ಮುಗಿಸಿ ಏಳಿ.